ಏಳನೇ ತಿರುವಿನ ಸುದ್ದಿ

ಸುದ್ದಿವಾಹಿನಿಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಸ್ಕ್ರಾಲಕ್ಕ ಎಂದೇ ಕರೆಯುತ್ತಿದ್ದರು. ಟಿವಿ ಪರದೆಯ ಅಡಿಯಲ್ಲಿ ಬಲದಿಂದ ಎಡಕ್ಕೆ ಓಡುವ 'ಸ್ಕ್ರಾಲ್' ಎಂಬ ಕೆಂಪು ಪಟ್ಟಿ ಇರುತ್ತದಲ್ಲ, ಅದಕ್ಕೆ ಅಕ್ಷರ ತುಂಬುವುದು ಹನ್ನೆರಡು ವರ್ಷಗಳಿಂದ ಅವಳ ಕೆಲಸ. ಪದೇ ಪದೇ ಬೇಕಾಗುವ ಮಾತುಗಳನ್ನು ಅವಳು ಕೀಬೋರ್ಡಿನ ಮೇಲಿನ ಸಾಲಿಗೆ ಕಟ್ಟಿಹಾಕಿದ್ದಳು. ನಾಲ್ಕನೇ ಕೀ ಒತ್ತಿದರೆ 'ಭೀಕರ', ಐದನೆಯದು 'ದುರ್ಮರಣ', ಆರನೆಯದು 'ಶಂಕೆ'. ಹೊಸದಾಗಿ ಸೇರಿದವರಿಗೆ ಅದನ್ನು ತೋರಿಸಿ, "ಈ ಮೂರನ್ನೂ ಒತ್ತಿದ್ರೆ ಅರ್ಧ ಸುದ್ದಿ ಆಯ್ತು. ಊರಿನ ಹೆಸರು ಸೇರಿಸಿದ್ರೆ ಪೂರ್ತಿ" ಎಂದು ನಗುತ್ತಿದ್ದಳು.

ಹದಿನಾಲ್ಕು ತಿಂಗಳಿಂದ ಈಚೆಗೆ ಆ ತಮಾಷೆಯನ್ನು ನಿಲ್ಲಿಸಿದ್ದಳು. ಅದಕ್ಕೆ ಕಾರಣ ಅವಳ ತಮ್ಮ.

ತಮ್ಮ ಸಿಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಬೆಳಗ್ಗೆ ಡಿಪೋದ ಹಿಂಬದಿಯಲ್ಲಿ ಬೆಂಕಿ ಬಿತ್ತು. ಎದುರಾಳಿ ಚಾನೆಲ್ಲಿನವರು ಆಗಲೇ ಸುದ್ದಿ ಹಾಕಿಬಿಟ್ಟಿದ್ದರು. ಶಿಫ್ಟ್ ಇನ್‌ಚಾರ್ಜ್ ಆಚೆ ಮೇಜಿನಿಂದ "ಅಕ್ಕಾ, ಬೇಗ ಬೇಗ" ಎಂದು ಕೂಗಿದ. ಯಾವ ಡಿಪೋ ಎಂದು ಕೇಳುವಷ್ಟೂ ಪುರುಸೊತ್ತಿಲ್ಲದೆ ಅವಳು ಟೈಪು ಮಾಡಿದಳು: 'ಬಸ್ ಡಿಪೋದಲ್ಲಿ ಭೀಕರ ಬೆಂಕಿ, ಆರು ಮಂದಿ ಸಜೀವ ದಹನದ ಶಂಕೆ.' ಮನೆಯಲ್ಲಿ ಒಬ್ಬಳೇ ಕೂತು ಸೊಪ್ಪು ಬಿಡಿಸುತ್ತಿದ್ದ ಅಮ್ಮ ಅದನ್ನು ಓದಿ, ಬರಿಗಾಲಲ್ಲಿ ಹೊರಗೋಡಿ, ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಡಿಪೋದಲ್ಲಿ ಸುಟ್ಟದ್ದು ಓಡದೆ ನಿಂತಿದ್ದ ಎರಡು ಹಳೇ ಬಸ್ಸು ಮತ್ತು ಒಂದು ರಾಶಿ ಟೈರು. ಮನುಷ್ಯರಾರಿಗೂ ಏನೂ ಆಗಿರಲಿಲ್ಲ.

ತಮ್ಮ ಆಸ್ಪತ್ರೆಯ ವರಾಂಡದಲ್ಲಿ ಒಂದೇ ಮಾತು ಹೇಳಿದ. "ನಿನ್ನ ಅಕ್ಷರಕ್ಕೆ ಕಾಲಿದೆ ಅಕ್ಕ, ಕಣ್ಣಿಲ್ಲ." ಆಮೇಲೆ ಅವನು ಅವಳೊಂದಿಗೆ ನೇರವಾಗಿ ಮಾತಾಡಲಿಲ್ಲ. ಏನಿದ್ದರೂ ಅಮ್ಮನ ಮೂಲಕ. ಒಂದೇ ಮೇಜಿಗೆ ಊಟಕ್ಕೆ ಕೂತಾಗಲೂ, "ಅಮ್ಮ, ಉಪ್ಪು ಈ ಕಡೆ ಕೊಡೋಕೆ ಹೇಳು" ಎನ್ನುತ್ತಿದ್ದ. ಅಮ್ಮ ಇಬ್ಬರಿಗೂ ಬೈದು ಬೈದು ಸುಸ್ತಾಗಿ, ಉಪ್ಪಿನ ಡಬ್ಬಿಯನ್ನು ತನ್ನ ಮುಂದೆಯೇ ಇಟ್ಟುಕೊಳ್ಳತೊಡಗಿದಳು.

ಹೀಗಿರುವಾಗ ಒಂದು ದಿನ ಸಂಪಾದಕರು ಸ್ಕ್ರಾಲಕ್ಕನನ್ನು ಒಳಗೆ ಕರೆಸಿದರು.

"ಜನ ಊಟಕ್ಕೆ ಕೂತ ತಕ್ಷಣ ನಮ್ಮ ಚಾನೆಲ್ ಬದಲಾಯಿಸ್ತಾರಂತೆ. ಸರ್ವೇ ಮಾಡಿಸಿದ್ವಿ. ನಮ್ಮನ್ನ ನೋಡಿದ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ ಅಂತಾರೆ."

"ತಪ್ಪೇನಿಲ್ಲ ಬಿಡಿ ಸರ್. ಮನೇಲಿ ನಾನೂ ನೋಡಲ್ಲ."

ಸಂಪಾದಕರು ಅದನ್ನು ಕೇಳಿಸಿಕೊಳ್ಳದವರಂತೆ ಮುಂದುವರಿದರು. "ಅದಕ್ಕೇ ಸಂಜೆ ಏಳಕ್ಕೆ ಮೂರು ನಿಮಿಷದ ಕಾರ್ಯಕ್ರಮ, ಬರೀ ಪಾಸಿಟಿವ್ ಸುದ್ದಿ. ನೀವೇ ಮಾಡ್ಬೇಕು. ಈ ಭಾನುವಾರ ಮೋಟಾರ್ ರೇಸ್ ಇದೆಯಲ್ಲ, ಅಲ್ಲಿಂದ್ಲೇ ಶುರುವಾಗ್ಲಿ. ಬಣ್ಣ, ನಗು, ಸ್ಟಾರ್‌ಗಳು, ಉತ್ಸಾಹ. ಗಾಜಿನ ಗ್ಯಾಲರಿಗೆ ಪಾಸ್ ಬಂದಿದೆ."

"ನಾನಾ? ನಾನು 'ಭೀಕರ'ದವಳು ಸರ್."

"ಅದಕ್ಕೇ ನೀವು. ಕಹಿ ತಿಂದವರಿಗೇ ಸಿಹಿ ಗೊತ್ತಾಗೋದು."

ಅವಳಿಗೆ ಇದು ಬಡ್ತಿಯೋ ಶಿಕ್ಷೆಯೋ ತಿಳಿಯಲಿಲ್ಲ. ತಿಳಿದದ್ದು ಒಂದೇ: ಆ ರೇಸಿನಲ್ಲಿ ತಮ್ಮನೂ ಇರುತ್ತಾನೆ. ಆರು ವರ್ಷಗಳಿಂದ ಅವನು ಅಲ್ಲಿ ಮಾರ್ಷಲ್. ಟ್ರ್ಯಾಕಿನ ತಿರುವುಗಳಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಾವುಟ ಬೀಸುವ, ಬೆಂಕಿ ಬಿದ್ದರೆ ಓಡಿ ಆರಿಸುವ ಸ್ವಯಂಸೇವಕರಿಗೆ ಹಾಗೆನ್ನುತ್ತಾರೆ. ಈ ಸಲ ಅವನ ಜಾಗ ಏಳನೇ ತಿರುವು ಎಂದು ಅಮ್ಮ ಹೇಳಿದ್ದಳು.

ಭಾನುವಾರ ಮಧ್ಯಾಹ್ನ ಅವಳು ಪಕ್ಕದ ಮನೆಯ ಹುಡುಗಿಯಿಂದ ಎರವಲು ತಂದ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿಕೊಂಡು, ಕೊರಳಿಗೆ ಬಂಗಾರದ ಬಣ್ಣದ ಪಾಸು ನೇತುಹಾಕಿಕೊಂಡು ಗಾಜಿನ ಗ್ಯಾಲರಿಗೆ ಹೋದಳು. ಜೊತೆಗೆ ಚಾನೆಲ್ಲಿನ ಕ್ಯಾಮೆರಾಮನ್. ಮದುವೆ ವೀಡಿಯೋ ಮಾಡಿ ಮಾಡಿ ಈ ಕಡೆ ಬಂದ ಮನುಷ್ಯ. ಯಾರನ್ನು ಕಂಡರೂ ಮೊದಲು "ಸ್ವಲ್ಪ ನಗಿ" ಎನ್ನುವುದು ಅವನ ಅಭ್ಯಾಸ.

ಗ್ಯಾಲರಿಯಲ್ಲಿ ನೆಲ ಕೂಡ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಬಿಳಿ ಬಟ್ಟೆಯ ಹೆಂಗಸರು, ಕಪ್ಪು ಕನ್ನಡಕದ ಗಂಡಸರು, ಉದ್ದನೆಯ ಗ್ಲಾಸುಗಳು, ನೂರು ಬಗೆಯ ಅತ್ತರು. ಬಾಲ್ಕನಿಯ ಬಾಗಿಲು ತೆರೆದಾಗಲೆಲ್ಲ ಸುಟ್ಟ ರಬ್ಬರಿನ ಘಾಟು ನುಗ್ಗಿ ಆ ಅತ್ತರನ್ನೆಲ್ಲ ಒಂದು ಕ್ಷಣ ಹಿಂದಕ್ಕೆ ತಳ್ಳುತ್ತಿತ್ತು. ಕೆಳಗೆ ಕಾರುಗಳು ಸುತ್ತು ಹಾಕಿ ನೋಡುತ್ತಿದ್ದವು. ಆ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತಿತ್ತು. ಒಪ್ಪಬೇಕಾದ ಮಾತೆಂದರೆ, ಅವಳಿಗೆ ಅದು ಇಷ್ಟವಾಯಿತು. ಚಿಕ್ಕಂದಿನಲ್ಲಿ ತಮ್ಮ ಬಾಯಲ್ಲೇ 'ಭುರ್ರ್' ಎನ್ನುತ್ತ ಅಂಗಳದಲ್ಲಿ ಬೋರಲಾಗಿಟ್ಟ ಸ್ಟೂಲನ್ನು ಓಡಿಸುತ್ತಿದ್ದುದು ನೆನಪಾಯಿತು.

ಕೆಲಸವೂ ಸುಲಭವಾಗಿ ಸಾಗಿತು. ಒಬ್ಬ ಸಿನಿಮಾ ನಟ ಬಂದು ಕ್ಯಾಮೆರಾಗೆ ಹೇಳಿದ: "ಎಲ್ಲರೂ ಪಾಸಿಟಿವ್ ಆಗಿರಿ. ಬದುಕೂ ಒಂದು ರೇಸ್." ಹಿಂದೆ ಕಾರೊಂದು ಕಿರುಚಿ ಹೋಗಿದ್ದರಿಂದ ಮಾತು ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದ. ಮೂರನೇ ಸಲ ಹೇಳುವಾಗ ಅವನ ನಗು ಸ್ವಲ್ಪ ಬಾಡಿತ್ತು. ಕ್ಯಾಮೆರಾಮನ್ "ಸ್ವಲ್ಪ ನಗಿ ಸರ್" ಎಂದ.

"ಇದೇನಾ ಪಾಸಿಟಿವ್?" ಎಂದಳು ಸ್ಕ್ರಾಲಕ್ಕ, ನಟ ಆಚೆ ಹೋದ ಮೇಲೆ.

"ಮತ್ತೇನು? ಹಲ್ಲು ಕಾಣ್ತು, ಬಟ್ಟೆ ಕಾಣ್ತು."

"ಸಕ್ಕರೆ ತಿಂದಂಗಾಯ್ತು. ಬಾಯಿಗೆ ಹೋಯ್ತು, ಹೊಟ್ಟೆಗೆ ಹೋಗ್ಲಿಲ್ಲ. ನಿನ್ನ ಕ್ಯಾಮೆರಾ ಸ್ವಲ್ಪ ಕೊಡು, ಏಳನೇ ತಿರುವು ಎಲ್ಲಿದೆ ನೋಡ್ತೀನಿ."

ಝೂಮ್ ಮಾಡಿದಾಗ ದೂರದ ತಿರುವು ಹತ್ತಿರ ಬಂತು. ಟೈರಿನ ಗೋಡೆ, ಅದರ ಹಿಂದೆ ನಾಲ್ಕೈದು ಕಿತ್ತಳೆ ಅಂಗಿಗಳು. ಎಲ್ಲರ ತಲೆಯ ಮೇಲೂ ಒಂದೇ ಬಗೆಯ ಹೆಲ್ಮೆಟ್ ಇದ್ದರೂ ತಮ್ಮನನ್ನು ಗುರುತಿಸಲು ಅವಳಿಗೆ ಕಷ್ಟವಾಗಲಿಲ್ಲ. ಎಡಗಾಲನ್ನು ಮಡಿಸಿ ಬಲಗಾಲಿನ ಮೀನಖಂಡಕ್ಕೆ ಒರಗಿಸಿಕೊಂಡು ನಿಲ್ಲುವವನು ಅವನೊಬ್ಬನೇ. ಕೈಯಲ್ಲಿ ಪೊರಕೆ ಹಿಡಿದಿದ್ದ. ಟ್ರ್ಯಾಕು ಖಾಲಿಯಾದೊಡನೆ ಇಳಿದು ಜಲ್ಲಿಕಲ್ಲಿನ ಚೂರುಗಳನ್ನು ಗುಡಿಸಿ, ಬಗ್ಗಿ ನೋಡಿ, ಉಳಿದದ್ದನ್ನು ಕೈಯಲ್ಲೇ ಆರಿಸಿ ಜೇಬಿಗೆ ಹಾಕಿಕೊಂಡ. ಮನೆಯಲ್ಲಿ ತಾನು ಉಂಡ ತಟ್ಟೆಯನ್ನೂ ಎತ್ತದವನು. ಅವಳು ಬಹಳ ಹೊತ್ತು ನೋಡಿದಳು.

ರೇಸು ಶುರುವಾಯಿತು. ಹದಿನೆಂಟು ಸುತ್ತು ನೆಟ್ಟಗೆ ನಡೆಯಿತು. ಹತ್ತೊಂಬತ್ತನೆಯದರಲ್ಲಿ ಎರಡು ಕಾರುಗಳು ಅಕ್ಕಪಕ್ಕ ಏಳನೇ ತಿರುವಿಗೆ ನುಗ್ಗಿದವು. ಒಂದರ ಚಕ್ರ ಇನ್ನೊಂದರ ಚಕ್ರವನ್ನು ಏರಿತು. ನೀಲಿ ಕಾರು ಗಾಳಿಗೆ ಹಾರಿ, ಪಲ್ಟಿಯಾಗಿ, ಟೈರಿನ ಗೋಡೆಗೆ ಅಪ್ಪಳಿಸಿತು. ಆ ಸದ್ದು ಗ್ಯಾಲರಿಗೆ ಬಂದು ತಲುಪುವಷ್ಟರಲ್ಲಿ ಅಲ್ಲಿ ಬೆಂಕಿಯೂ ಹೊಗೆಯೂ ಎದ್ದಿದ್ದವು. ಕಿತ್ತಳೆ ಅಂಗಿಗಳು ಆ ಹೊಗೆಯೊಳಕ್ಕೆ ಓಡಿದ್ದನ್ನು ಅವಳು ಕಣ್ಣಾರೆ ಕಂಡಳು. ಹೊರಗೆ ಬಂದದ್ದು ಕಾಣಲಿಲ್ಲ. ಹೊಗೆ ಎಲ್ಲವನ್ನೂ ಮುಚ್ಚಿತು.

ಗ್ಯಾಲರಿಯ ಗೋಡೆಯ ದೊಡ್ಡ ಪರದೆ ಕೂಡಲೇ ಬೇರೆ ಕಾರುಗಳನ್ನು ತೋರಿಸತೊಡಗಿತು. ಟಿವಿಯವಳಾದ ಅವಳಿಗೆ ಅದರ ಅರ್ಥ ಗೊತ್ತಿತ್ತು. ಯಾರಿಗೂ ಏನೂ ಆಗಿಲ್ಲವೆಂದು ತಿಳಿಯುವವರೆಗೆ ಅಪಘಾತವನ್ನು ಮತ್ತೆ ತೋರಿಸುವುದಿಲ್ಲ. ನಾಚಿಕೆಯ ಸಂಗತಿಯೆಂದರೆ, ಅಷ್ಟರಲ್ಲಾಗಲೇ ಅವಳ ತಲೆಯೊಳಗೆ ಪಟ್ಟಿ ಓಡಲು ಶುರುವಾಗಿತ್ತು: 'ರೇಸ್ ಟ್ರ್ಯಾಕ್‌ನಲ್ಲಿ ಭೀಕರ...' ಮುಂದಿನ ಪದ ಬರುವ ಮೊದಲೇ ಅವಳು ಅದನ್ನು ಅಲ್ಲೇ ತಡೆದಳು.

ಫೋನು ಹೊಡೆದುಕೊಂಡಿತು. ಶಿಫ್ಟ್ ಇನ್‌ಚಾರ್ಜ್.

"ಅಕ್ಕಾ! ನೀವು ಅಲ್ಲೇ ಇದ್ದೀರಲ್ಲ, ಪುಣ್ಯ. ಎಷ್ಟು ಜನ? ಎದುರು ಚಾನೆಲ್‌ನಲ್ಲಿ ಒಬ್ಬ ಮಾರ್ಷಲ್ ಹೋದ ಅಂತ ಬರ್ತಿದೆ. ಒಂದು ಲೈನ್ ಹೇಳಿ, 'ಶಂಕೆ' ಅಂತ ಹಾಕ್ಬಿಡ್ತೀನಿ."

"ನನ್ನ ತಮ್ಮ ಅಲ್ಲಿದ್ದಾನೆ ಕಣಪ್ಪ. ಅದೇ ತಿರುವಲ್ಲಿ."

ಆ ಕಡೆ ನ್ಯೂಸ್‌ರೂಮಿನ ಗದ್ದಲ ಕೇಳುತ್ತಿತ್ತು.

"ಏನೂ ಹಾಕ್ಬೇಡ" ಎಂದಳು. "ಮನೇಲಿ ಅಮ್ಮ ಇದ್ದಾಳೆ. ಅಲ್ಲಿರೋ ಪ್ರತಿಯೊಬ್ಬರಿಗೂ ಒಬ್ಬ ಅಮ್ಮ ಇರ್ತಾಳೆ. ಶಂಕೆ ಅಂದ್ರೇನು? ನಾವು ವಿಚಾರಿಸಿಲ್ಲ ಅಂತ ತಾನೆ? ವಿಚಾರಿಸ್ತೀನಿ, ಇರು."

"ಅಕ್ಕಾ, ಮೇಲಿನವರು ನನ್ನ ತಲೆ ಮೇಲೆ ಕೂತಿದ್ದಾರೆ."

"ಕೂತಿರ್ಲಿ."

ಅವನು ಉಸಿರು ಬಿಟ್ಟ. ಕೆಟ್ಟವನಲ್ಲ, ಅವಸರದಲ್ಲೇ ಕೂದಲು ಉದುರಿಸಿಕೊಂಡವನು. "ಹತ್ತು ನಿಮಿಷ. ಅದರ ಮೇಲೆ ಒಂದು ಸೆಕೆಂಡೂ ನನ್ನ ಕೈಲಿಲ್ಲ."

ಅವಳು ಅಮ್ಮನಿಗೆ ಫೋನು ಹಚ್ಚಿದಳು. ಸಾವಿರಾರು ಜನ ಒಟ್ಟಿಗೇ ಫೋನು ಹಿಡಿದಿದ್ದರಿಂದ ಕರೆ ಹೋಗಲಿಲ್ಲ. ಮತ್ತೆ ಹಚ್ಚಿದಳು, ಹೋಗಲಿಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಓಡಿದಳು. ಮೆಟ್ಟಿಲಿಳಿದು, ಪಾತ್ರೆ ತೊಳೆಯುವ ಕೋಣೆಯ ಒದ್ದೆ ನೆಲದ ಮೇಲೆ ಜಾರುತ್ತ, ಗುಡುಗುಡಿಸುವ ಜನರೇಟರ್ ಲಾರಿಗಳ ನಡುವೆ ನುಸುಳಿ, ಮೇಲೆ ನಿಂತ ಜನರ ಕಾಲ್ಸದ್ದು ಕೇಳಿಸುವ ಗ್ಯಾಲರಿಯ ಅಡಿಯಿಂದ ಹಾದು ಟ್ರ್ಯಾಕಿನ ಬೇಲಿಯ ಬಾಗಿಲಿಗೆ ಬಂದಳು. ಅಲ್ಲಿ ಒಬ್ಬ ಕಾವಲುಗಾರ ಅಡ್ಡ ನಿಂತ. ವಯಸ್ಸಾದ ಮನುಷ್ಯ, ಹೆಗಲಿಗೆ ವಾಕಿಟಾಕಿ ಸಿಕ್ಕಿಸಿಕೊಂಡಿದ್ದ.

ಅವಳು ಪಾಸು ಎತ್ತಿ ತೋರಿಸಿದಳು.

"ಇದು ಮೇಲಿನವರ ಪಾಸು ಅಮ್ಮ. ಇಲ್ಲಿ ನಡೆಯಲ್ಲ."

"ನನ್ನನ್ನ ಒಳಗೆ ಬಿಡೋದು ಬೇಡ. ಏಳನೇ ತಿರುವಲ್ಲಿ ಎಲ್ಲರೂ ಸರಿಯಾಗಿದ್ದಾರಾ ಅಂತ ಅದರಲ್ಲಿ ಕೇಳಿ, ಸಾಕು. ನನ್ನ ತಮ್ಮ ಇದ್ದಾನೆ."

ಮುದುಕ ಅವಳ ಬರಿಗಾಲನ್ನು ನೋಡಿದ, ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದ. ವಾಕಿಟಾಕಿಯನ್ನು ಬಾಯಿಗೆ ಹಿಡಿದ. "ಏಳು, ಏಳು. ಗೇಟ್ ಮೂರರಿಂದ. ನಿಮ್ಮವರೆಲ್ಲ ಹೇಗಿದ್ದಾರೆ?"

ಕರ್ರ್ ಎಂಬ ಸದ್ದು. ಮತ್ತೆ ಕೇಳಿದ. ಮತ್ತೆ ಕರ್ರ್. ಅವಳು ಬೇಲಿಯ ತಂತಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅಚ್ಚು ಮೂಡಿತ್ತು. ಅಮ್ಮ ಆ ಬೆಳಗ್ಗೆ ಮೆಟ್ಟಿಲಿಳಿದಾಗ ಹೀಗೇ ಇದ್ದಿರಬೇಕು ಎಂದು ಮೊದಲ ಬಾರಿಗೆ ಅವಳಿಗೆ ಮೈಯಲ್ಲಿ ತಿಳಿಯಿತು. ಅಮ್ಮನ ಕಾಲು, ಅಮ್ಮನ ಗಂಟಲು, ಅಮ್ಮನ ಆ ಎರಡು ನಿಮಿಷ.

ಮೂರನೇ ಸಲಕ್ಕೆ ಒಂದು ಹೆಣ್ಣುದನಿ ಬಂತು. "ಏಳರಲ್ಲಿ ಎಲ್ಲರೂ ಎದ್ದು ನಿಂತಿದ್ದೀವಿ. ಡ್ರೈವರ್ ತಾನೇ ನಡ್ಕೊಂಡು ಆಂಬುಲೆನ್ಸ್ ಹತ್ತಿದ. ನಮ್ಮವನೊಬ್ಬನಿಗೆ ಕೈ ಸ್ವಲ್ಪ ಸುಟ್ಟಿದೆ, ಮುಲಾಮು ಹಚ್ತಿದ್ದೀವಿ. ಯಾರು ಕೇಳ್ತಿರೋದು?"

"ಒಬ್ಬನ ಅಕ್ಕ" ಎಂದ ಮುದುಕ. ಅವಳ ಕಡೆ ತಿರುಗಿ, "ನಂಬರ್ ಎಷ್ಟು ನಿಮ್ಮ ತಮ್ಮಂದು?"

"ನಂಬರ್ ಗೊತ್ತಿಲ್ಲ. ಅವನು... ಅವನು ಒಂಟಿಕಾಲಲ್ಲಿ ನಿಲ್ತಾನೆ."

ಮುದುಕ ಅದನ್ನು ಹಾಗೆಯೇ ಒಪ್ಪಿಸಿದ. ಆ ಕಡೆ ನಗೆ ಕೇಳಿಸಿತು. "ಓ, ನಮ್ಮ ಕೊಕ್ಕರೆ! ಅವನದ್ದೇ ಕೈ ಸುಟ್ಟಿರೋದು. ಇರಿ, ಕೊಡ್ತೀನಿ."

ಆಮೇಲೆ ತಮ್ಮನ ದನಿ, ಗಾಬರಿಯಲ್ಲಿ. "ಅಕ್ಕಾ? ಏನಾಯ್ತು? ಅಮ್ಮಂಗೆ ಏನಾಯ್ತು?"

ಹದಿನಾಲ್ಕು ತಿಂಗಳ ನಂತರ ಅವನು ನೇರವಾಗಿ ಅವಳಿಗೆ ಆಡಿದ ಮೊದಲ ಮಾತು ಅದು. ಅವಳು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟಳು. ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಬರಿಯ ಮಾತಲ್ಲ. ಕಾಲಿನ ಬೆರಳಿಂದ ಮೇಲಕ್ಕೆ ಅದು ಬರುವುದು ಅವಳಿಗೆ ಗೊತ್ತಾಯಿತು.

"ಅಮ್ಮಂಗೆ ಏನೂ ಆಗಿಲ್ವೋ. ನೀನು ಹೇಗಿದ್ದೀಯ ಅಂತ ಕೇಳೋಕೆ ಬಂದೆ."

"ನಾನು ಚೆನ್ನಾಗೇ ಇದ್ದೀನಿ. ಇದನ್ನ ಕೇಳೋಕೆ ರೇಡಿಯೋ ಬೇಕಾ? ಇದರಲ್ಲಿ ಮಾತಾಡಬಾರದು, ಇಡು."

ಅವಳು ಇನ್‌ಚಾರ್ಜಿಗೆ ಕರೆ ಮಾಡಿದಳು. ಪುಣ್ಯಕ್ಕೆ ಈ ಸಲ ಹೋಯಿತು. ಎಂಟು ನಿಮಿಷ ಕಳೆದಿತ್ತು.

"ಬರ್ಕೋ. 'ರೇಸ್ ಅಪಘಾತ: ಚಾಲಕ ನಡೆದೇ ಹೊರಬಂದ. ಮಾರ್ಷಲ್‌ಗಳೆಲ್ಲರೂ ಕ್ಷೇಮ, ಒಬ್ಬರ ಕೈಗೆ ಸಣ್ಣ ಗಾಯ.' ಏಳನೇ ತಿರುವಿನಿಂದಲೇ ಕೇಳಿದ್ದೀನಿ."

"ಬರೀ 'ಕ್ಷೇಮ' ಅಂದ್ರೆ ಯಾರು ನೋಡ್ತಾರೆ ಅಕ್ಕಾ?"

"ಅವರವರ ಮನೆಯವರು ನೋಡ್ತಾರೆ. ಮೊದಲು ಹಾಕು, ಆಮೇಲೆ ಮಾತಾಡು."

ಅವನು ಹಾಕಿದ. ಎದುರು ಚಾನೆಲ್ಲಿನಲ್ಲಿ ಆಗ ಸತ್ತವರ ಸಂಖ್ಯೆ ಒಂದರಿಂದ ಎರಡಕ್ಕೆ ಏರಿತ್ತಂತೆ. ಇವರು ಹಾಕಿದ ಆರು ನಿಮಿಷಕ್ಕೆ ಅವರು ಸದ್ದಿಲ್ಲದೆ ಆ ಸಾಲನ್ನು ತೆಗೆದರು. ಸತ್ತವರು ಎದ್ದು ಬಂದ ಬಗ್ಗೆ ಅವರು ಏನನ್ನೂ ಹೇಳಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನೇ ಬಂತು.

"ಅಮ್ಮ, ಅವನು ಚೆನ್ನಾಗಿದ್ದಾನೆ" ಎಂದಳು, ಹಲೋ ಕೂಡ ಹೇಳದೆ.

"ಗೊತ್ತು. ಈಗ ತಾನೇ ನಿಮ್ಮದರಲ್ಲಿ ಓದಿದೆ."

"ಎದುರು ಚಾನೆಲ್ ನೋಡ್ಲಿಲ್ಲ ತಾನೆ?"

"ನೋಡ್ದೆ. ಮಾರ್ಷಲ್ ಹೋದ ಅಂತ ಇತ್ತು. ಕೈಕಾಲು ತಣ್ಣಗಾಯ್ತು. ನಿಮ್ಮದಕ್ಕೆ ತಿರುಗಿಸ್ದೆ, ಅಲ್ಲಿ ಏನೂ ಇರ್ಲಿಲ್ಲ. ಇವಳು ಅಲ್ಲೇ ಇದ್ದೂ ಸುಮ್ನಿದ್ದಾಳೆ ಅಂದ್ರೆ ವಿಚಾರಿಸ್ತಿದ್ದಾಳೆ ಅಂದ್ಕೊಂಡೆ. ಕೂತ್ಕೊಂಡೆ." ಅಮ್ಮ ಸೇರಿಸಿದಳು: "ಆದ್ರೂ ಈ ಸಲ ಚಪ್ಪಲಿ ಹಾಕ್ಕೊಂಡೇ ಕೂತಿದ್ದೆ."

ನಿಲ್ಲಿಸಿದ್ದ ರೇಸು ಮತ್ತೆ ಶುರುವಾಗಿ ಮುಗಿಯಿತು. ಗ್ಯಾಲರಿಯಲ್ಲಿ ಚಪ್ಪಾಳೆ, ಸಂಗೀತ, ಬಣ್ಣದ ಕಾಗದದ ಮಳೆ. ಕ್ಯಾಮೆರಾಮನ್ ಅದನ್ನೆಲ್ಲ ಹಿಡಿದುಕೊಂಡ. ಸ್ಕ್ರಾಲಕ್ಕ ಗೇಟಿನ ಬಳಿಯೇ ಮುದುಕ ಕೊಟ್ಟ ಸ್ಟೂಲಿನ ಮೇಲೆ ಕೂತು, ಅವನು ಹಂಚಿಕೊಟ್ಟ ಅರ್ಧ ಲೋಟ ಚಹಾ ಕುಡಿದಳು. ಅಂಥ ರುಚಿಯಾದ ಚಹಾ ಆ ದಿನ ಮೇಲಿನವರಿಗೂ ಸಿಕ್ಕಿರಲಿಕ್ಕಿಲ್ಲ.

ಸಂಜೆ ತಮ್ಮ ಬಂದ. ಬಲಗೈಗೆ ಬಿಳಿ ಪಟ್ಟಿ, ಹುಬ್ಬಿನಲ್ಲಿ ಬೆಂಕಿ ಆರಿಸಲು ಹೊಡೆದ ನೊರೆಯ ಒಣಗಿದ ಕಲೆ. ಅವಳು ಆ ಪಟ್ಟಿಯನ್ನು ನೋಡಿದಳು.

"ತುಂಬಾ ಉರಿಯುತ್ತಾ?"

"ಇಲ್ಲ. ಅಡುಗೆಮನೇಲಿ ನೀನು ಸುಟ್ಕೊಳ್ತೀಯಲ್ಲ, ಅಷ್ಟೇ."

ಅವಳು ಕೇಳದೆಯೇ ಅವನು ಹೇಳತೊಡಗಿದ. ಹೊಗೆಯಲ್ಲಿ ಒಂದು ಗೇಣು ಆಚೆ ಏನೂ ಕಾಣುತ್ತಿರಲಿಲ್ಲವಂತೆ. ಜೊತೆಯವಳು ನೊರೆ ಹೊಡೆಯುತ್ತಿದ್ದಳು, ಇವನು ತಡಕಾಡಿ ಬೆಲ್ಟು ಬಿಡಿಸಿದ. ಡ್ರೈವರ್ ಹೊರಗೆ ಬಂದ ಮೇಲೆ ಇವನ ತೋಳನ್ನು ಹಿಡಿದವನು ಬಿಡಲೇ ಇಲ್ಲ.

"ಅಷ್ಟು ವೇಗದಲ್ಲಿ ಹೋಗೋ ಮನುಷ್ಯ ಅಕ್ಕ. ಗಡಗಡ ನಡುಗ್ತಿದ್ದ. 'ಅಮ್ಮಂಗೆ ಫೋನ್ ಮಾಡಿ' ಅಂತ ಒಂದೇ ಮಾತು. ಆಂಬುಲೆನ್ಸ್ ಬಾಗಿಲಲ್ಲಿ ನಾನೇ ನಂಬರ್ ಒತ್ತಿ ಕಿವಿಗೆ ಹಿಡಿದೆ."

ಅವಳು ಗ್ಯಾಲರಿಯಿಂದ ಇಳಿದು ಬಂದಿದ್ದ ಕ್ಯಾಮೆರಾಮನ್ನನ ಕಡೆ ನೋಡಿದಳು. ಅವನು ಕ್ಯಾಮೆರಾ ಎತ್ತಿದ.

"ಬೇಡ ಬೇಡ" ಎಂದ ತಮ್ಮ. "ನನ್ನ ಮುಖ ಹಾಕ್ಬೇಡಿ. ನಮ್ಮ ತಿರುವಿನ ಮುಖ್ಯಸ್ಥೆ ಇದ್ದಾರೆ, ಶಾಲೆ ಟೀಚರ್. ಇಪ್ಪತ್ತೆರಡು ವರ್ಷದಿಂದ ಪ್ರತಿ ರೇಸಿಗೂ ಬರ್ತಾರೆ. ಬೆಂಕಿ ಕಡೆಗೆ ಓಡೋದನ್ನ ನಮಗೆಲ್ಲ ಕಲಿಸಿದ್ದು ಅವರೇ. ಅವರನ್ನ ಕೇಳಿ. ಆದ್ರೆ ನಗಿ ಅಂತ ಹೇಳ್ಬೇಡಿ, ಬೈತಾರೆ."

ಟೀಚರ್ ನಿಜಕ್ಕೂ ನಗಲಿಲ್ಲ. ಸಂದರ್ಶನದ ನಡುವೆಯೇ ಎರಡು ಸಲ ಎದ್ದು ಬಾವುಟಗಳನ್ನು ಎಣಿಸಿ ಬಂದರು. ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದಾಗ, "ಆಗತ್ತೆ. ಹೆದರಿಕೆ ಆದ್ರೆ ಏನು ಮಾಡ್ಬೇಕು ಅಂತ ಮೊದಲೇ ನೂರು ಸಲ ಮಾಡಿ ನೋಡಿರ್ತೀವಿ" ಎಂದಷ್ಟೇ ಹೇಳಿದರು. ಸ್ಕ್ರಾಲಕ್ಕನಿಗೆ ತನ್ನ ಮೂರು ನಿಮಿಷ ಸಿಕ್ಕಿತೆನ್ನಿಸಿತು. ನಟನಿಗೆ ಹತ್ತು ಸೆಕೆಂಡು ಕೊಡೋಣ, ಪಾಪ, ಮೂರು ಸಲ ಹೇಳಿದ್ದಾನೆ ಎಂದುಕೊಂಡಳು. ಒಳ್ಳೆಯ ಸುದ್ದಿಯನ್ನು ಎಲ್ಲಿಂದಲೋ ಹುಡುಕಿ ತಂದು ಬಣ್ಣ ಹಚ್ಚಬೇಕಾಗಿಲ್ಲ. ಕೆಟ್ಟದ್ದು ನಡೆದ ಜಾಗದಲ್ಲೇ ಸ್ವಲ್ಪ ಹೊತ್ತು ಕಾದು ನಿಂತರೆ ಎಷ್ಟೋ ಸಲ ಅದು ಹೊಗೆಯಿಂದ ನಡೆದು ಬರುತ್ತದೆ. ಬಾರದ ದಿನವೂ ಇರುತ್ತದೆ. ಆ ದಿನ ಅದನ್ನೂ ಹೇಳಬೇಕು, ಆದರೆ ವಿಚಾರಿಸಿ ಹೇಳಬೇಕು.

ಮನೆಗೆ ಅಕ್ಕ ತಮ್ಮ ಇಬ್ಬರೂ ಬಸ್ಸಿನಲ್ಲಿ ಹೊರಟರು. ರೇಸು ನೋಡಿ ಹಿಂದಿರುಗುವ ಜನರಿಂದ ಬಸ್ಸು ಕಿಕ್ಕಿರಿದಿತ್ತು. ಹೇಗೋ ಎರಡು ಸೀಟು ಸಿಕ್ಕವು. ತಮ್ಮ ಎಂಜಿನ್ನಿನ ಸದ್ದನ್ನು ಒಂದು ನಿಮಿಷ ಆಲಿಸಿ, "ಇದು ನಮ್ಮ ಡಿಪೋದ್ದೇ. ಇನ್ನೊಂದು ವಾರಕ್ಕೆ ಕ್ಲಚ್ ಹೋಗತ್ತೆ" ಎಂದು ಹೇಳಿ ಅವಳ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ.

ಮುಂದಿನ ಸೀಟಿನ ಹೆಂಗಸು ಗಂಡನಿಗೆ ಹೇಳುತ್ತಿದ್ದಳು. "ಇಬ್ಬರು ಹೋದರಂತೆ ರೀ. ಒಬ್ಬನಂತೂ ಗುರುತೇ ಸಿಗ್ಲಿಲ್ವಂತೆ. ಛೆ, ಯಾರ ಮನೆ ಮಕ್ಕಳೋ."

ಸ್ಕ್ರಾಲಕ್ಕ ಮುಂದಕ್ಕೆ ಬಾಗಿದಳು. "ಇಲ್ಲಮ್ಮ, ಯಾರೂ ಹೋಗಿಲ್ಲ. ಡ್ರೈವರ್ ನಡ್ಕೊಂಡೇ ಬಂದ. ನೋಡಿ, ಇವನು ಅಲ್ಲೇ ಇದ್ದ."

ಹೆಂಗಸು ಹಿಂದಿರುಗಿ ನೋಡಿದಳು. ಕಿತ್ತಳೆ ಅಂಗಿ, ಕೈಯ ಪಟ್ಟಿ, ಬಾಯಿ ತೆರೆದು ನಿದ್ದೆಹೋದ ಮುಖ. "ಹೌದಾ? ಸದ್ಯ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. "ರೀ, ಯಾರಿಗೂ ಏನೂ ಆಗಿಲ್ವಂತೆ." ಪಕ್ಕದಲ್ಲಿ ನಿಂತಿದ್ದವನು ಅದನ್ನು ತನ್ನ ಹಿಂದಿನವನಿಗೆ ಹೇಳಿದ. ಅವನು ಕಂಬ ಹಿಡಿದು ನಿಂತಿದ್ದ ಮುದುಕಿಗೆ ಹೇಳಿದ. "ಯಾರೂ ಸತ್ತಿಲ್ವಂತೆ", "ನಿಜವಾ?", "ಅಲ್ಲಿದ್ದವನೇ ಈ ಬಸ್ಸಲ್ಲಿದ್ದಾನಂತೆ" ಎಂದು ಮಾತು ಸೀಟಿನಿಂದ ಸೀಟಿಗೆ ದಾಟಿ ಬಸ್ಸಿನ ಕೊನೆಯವರೆಗೂ ಹೋಯಿತು. ಒಬ್ಬರಾದ ಮೇಲೊಬ್ಬರು "ಸದ್ಯ", "ಸದ್ಯ" ಎನ್ನುವುದು ಕೇಳಿಸಿತು.

ಆಗ ಹಿಂದಿನ ಬಾಗಿಲ ಬಳಿಯಿಂದ ಯಾರೋ ಕೂಗಿ ಕೇಳಿದರು. "ಅದಿರ್ಲಿ, ಗೆದ್ದಿದ್ದು ಯಾರು?"

ಸ್ಕ್ರಾಲಕ್ಕ ತಮ್ಮನನ್ನು ಮೊಣಕೈಯಿಂದ ತಿವಿದಳು. "ಏಯ್, ಗೆದ್ದಿದ್ದು ಯಾರೋ?"

ಅವನು ಅರ್ಧ ಕಣ್ಣು ತೆರೆದು ಯೋಚಿಸಿದ. "ಗೊತ್ತಿಲ್ಲ ಅಕ್ಕ" ಎಂದ. "ನಾನು ಗುಡಿಸ್ತಾ ಇದ್ದೆ."